ಜರ್ಮನಿಯ ಆಫರ್ ಲೆಟರ್‌ನಲ್ಲಿ ಕಾಣದ ಸೌಲಭ್ಯಗಳು

ಸಾಗರದಿಂದ ನೀವು ಬರೆದದ್ದನ್ನು ಓದಿದೆ. ಮ್ಯೂನಿಕ್‌ನ ಕಂಪನಿಯ ಆಫರ್ ಲೆಟರ್‌ನಲ್ಲಿ ಕ್ಯಾಬ್ ಇಲ್ಲ, ಉಚಿತ ಊಟವಿಲ್ಲ, ಬೋನಸ್‌ನ ಮಾತಿಲ್ಲ, ಸಂಬಳದಲ್ಲಿ ಕಡಿತವೂ ಹೆಚ್ಚು; ಬೆಂಗಳೂರಿನ ಕೆಲಸ ಬಿಟ್ಟು ಬರುವಂಥದ್ದು ಅಲ್ಲೇನಿದೆ ಎಂದು ಕೇಳಿದ್ದೀರಿ. ಹನ್ನೆರಡು ವರ್ಷಗಳ ಹಿಂದೆ ಹೊಸನಗರದ ಕಡೆಯ ಹಳ್ಳಿಯಿಂದ, ಬೆಂಗಳೂರನ್ನು ದಾಟಿ ಇಲ್ಲಿಗೆ ಬಂದಾಗ ನಾನೂ ಇದೇ ಲೆಕ್ಕ ಹಾಕಿದ್ದೆ.

1981ರಿಂದ 1996ರ ನಡುವೆ ಹುಟ್ಟಿದ ನಮ್ಮನ್ನು ಮಿಲೆನಿಯಲ್ ಪೀಳಿಗೆ ಎನ್ನುತ್ತಾರೆ. ನಮ್ಮಲ್ಲಿ ಅನೇಕರು ಕೆಲಸ ಕಲಿತದ್ದು ಬೆಂಗಳೂರಿನ ಕ್ಯಾಂಪಸ್‌ಗಳಲ್ಲಿ. ಹಾಗಾಗಿ ಸೌಲಭ್ಯವೆಂದರೆ ಕಂಪನಿ ಮೆಚ್ಚಿ ಕೊಡುವ ಉಡುಗೊರೆ ಎಂಬ ಭಾವನೆ ಉಳಿದುಬಿಟ್ಟಿದೆ. ಇಲ್ಲಿ ಮುಖ್ಯವಾದವು ಕಾನೂನಿನಲ್ಲೇ ಇರುವುದರಿಂದ ಅವನ್ನು ಪತ್ರದಲ್ಲಿ ಮೆರೆಸುವುದಿಲ್ಲ. ವಾರಕ್ಕೆ ಐದು ದಿನ ದುಡಿಯುವವರಿಗೆ ವರ್ಷಕ್ಕೆ ಕನಿಷ್ಠ 20 ದಿನ ಸಂಬಳಸಹಿತ ರಜೆ ಕೊಡಲೇಬೇಕು, ಬಹಳ ಕಂಪನಿಗಳು 30 ಕೊಡುತ್ತವೆ. ಸೇರಿ ನಾಲ್ಕು ವಾರ ಕಳೆದ ಮೇಲೆ ಕಾಯಿಲೆ ಬಿದ್ದರೆ ಆರು ವಾರಗಳವರೆಗೆ ಪೂರ್ಣ ಸಂಬಳ ಬರುತ್ತದೆ. ಮತ್ತು ಕಾಯಿಲೆಯ ದಿನಗಳನ್ನು ಕಂಪನಿ ನಿಮ್ಮ ರಜೆಯ ಲೆಕ್ಕದಿಂದ ಕಡಿತ ಮಾಡುವಂತಿಲ್ಲ.

ಕೊನೆಯ ಮಾತಿನ ಅರ್ಥ ನನಗೆ ಆದದ್ದು ಊರಿನಲ್ಲೇ. ಮೂರು ವರ್ಷಕ್ಕೊಮ್ಮೆ ನಡೆಯುವ ನಿಮ್ಮ ಸಾಗರದ ಮಾರಿಜಾತ್ರೆಗೆಂದು ರಜೆ ಹಾಕಿ ಬಂದವನು ನಾಲ್ಕು ದಿನ ಜ್ವರ ಹಿಡಿದು ಮಲಗಿದೆ. ಮೊದಲ ದಿನವೇ ಕಚೇರಿಗೆ ತಿಳಿಸಿ ವೈದ್ಯರ ಪ್ರಮಾಣಪತ್ರ ಕಳುಹಿಸಿದ್ದರಿಂದ ಆ ನಾಲ್ಕೂ ದಿನಗಳು ರಜೆಯ ಲೆಕ್ಕಕ್ಕೆ ಮರಳಿ ಬಂದವು. ಬೆಂಗಳೂರಿನಲ್ಲಿದ್ದಾಗ ಅಪ್ಪನ ತಿಥಿಗೆ ಎರಡು ದಿನ ರಜೆ ಕೇಳಿದರೆ, ಮ್ಯಾನೇಜರ್ “ಹೋಗಿ ಬನ್ನಿ, ಲ್ಯಾಪ್‌ಟಾಪ್ ಜೊತೆಗಿರಲಿ” ಎಂದಿದ್ದರು. ಕೆಳಗೆ ಪುರೋಹಿತರು ಎಳ್ಳು ಕೇಳುತ್ತಿದ್ದರೆ ನಾನು ಅಟ್ಟದ ಮೇಲೆ ನೆಟ್‌ವರ್ಕ್ ಹುಡುಕುತ್ತಿದ್ದೆ.

ಕಡಿತದ ವಿಷಯದಲ್ಲಿ ನಿಮ್ಮ ಅಂಜಿಕೆ ಸುಳ್ಳಲ್ಲ. ಒಂಟಿಯಾಗಿರುವ ಸಾಫ್ಟ್‌ವೇರ್ ಉದ್ಯೋಗಿಯ ಸಂಬಳದಲ್ಲಿ ತೆರಿಗೆ, ವಿಮೆ, ಪಿಂಚಣಿ ಸೇರಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೋಗುತ್ತದೆ. ಸಾಮಾನ್ಯವಾಗಿ ಆರು ತಿಂಗಳಿರುವ ಪ್ರೊಬೇಷನ್‌ನಲ್ಲಿ ಎರಡೇ ವಾರದ ನೋಟಿಸ್ ಕೊಟ್ಟು ಕಳುಹಿಸಬಹುದು. ಇವುಗಳಿಗಿಂತ ನನ್ನನ್ನು ಕಾಡಿದ್ದು ಕಚೇರಿಯ ಮೌನ. ಸಹೋದ್ಯೋಗಿಗಳು ಐದು ಗಂಟೆಗೆ ಕಂಪ್ಯೂಟರ್ ಮುಚ್ಚಿ ಹೊರಟುಬಿಡುತ್ತಾರೆ, ಊಟವಾಯಿತೇ ಎಂದು ಕೇಳುವವರಿಲ್ಲ. ಬೆಂಗಳೂರಿನ ಕ್ಯಾಂಟೀನಿನ ಗೆಳೆತನ ಇಂದಿಗೂ ನೆನಪಾಗುತ್ತದೆ, ಆದರೆ ಆ ಗೆಳೆತನ ಬೆಳೆದದ್ದು ರಾತ್ರಿ ಹತ್ತರವರೆಗೆ ನಮ್ಮನ್ನು ಒಟ್ಟಿಗೆ ಕಟ್ಟಿಹಾಕಿದ ಕೆಲಸದಿಂದಲೇ.

ಮದುವೆ ನಿಶ್ಚಯವಾಗಿದೆ ಎಂದಿದ್ದೀರಿ. ಮಗುವಾದರೆ ತಂದೆಯೂ ಕೆಲಸ ಕಳೆದುಕೊಳ್ಳದೆ ಮೂರು ವರ್ಷಗಳವರೆಗೆ ರಜೆ ಪಡೆಯಬಹುದು, ಆದರೆ ಸರ್ಕಾರದ ನೆರವಿನ ಹಣ ಅಷ್ಟು ಕಾಲ ಬರುವುದಿಲ್ಲ.

ಸಹಿ ಹಾಕುವ ಮುನ್ನ ರಜೆಯ ದಿನಗಳೆಷ್ಟು, ಹೆಚ್ಚುವರಿ ಗಂಟೆಗಳಿಗೆ ಬದಲಿ ಬಿಡುವು ಉಂಟೇ ಅಥವಾ ಅವು ಸಂಬಳದಲ್ಲೇ ಸೇರಿವೆಯೇ ಎಂದು ಕೇಳಿ. ಮನೆಯ ಅಡಿಕೆ ಕೊಯ್ಲಿಗೆ ಡಿಸೆಂಬರ್‌ನಲ್ಲಿ ಬರಬೇಕೆಂದಿದ್ದರೆ ರಜೆಯನ್ನು ಜನವರಿಯಲ್ಲೇ ಬರೆಸಿಬಿಡಿ. ತಡ ಮಾಡಿದರೆ, ಶಾಲೆಗೆ ಹೋಗುವ ಮಕ್ಕಳಿರುವವರು ಕ್ರಿಸ್‌ಮಸ್‌ನ ವಾರಗಳನ್ನು ಅಷ್ಟರಲ್ಲೇ ಹಿಡಿದಿರುತ್ತಾರೆ.