ಆರೂವರೆ ಲಕ್ಷ: ಎಣಿಸಿದವರು ಯಾರು?

ನಿಮ್ಮ ‘ಇರಾಕಿನ ರಕ್ತಲೆಕ್ಕ!!!’ ಲೇಖನವನ್ನು ಎರಡು ಸಲ ಓದಿದೆ. ಈ ರೂಪದಲ್ಲಿ ಅಚ್ಚಿಗೆ ಕೊಡಲಾರೆ. ‘ಅಮೆರಿಕ 6,54,965 ನಾಗರಿಕರನ್ನು ಕೊಂದಿತು’ ಎಂಬ ಮೊದಲ ವಾಕ್ಯದಲ್ಲೇ ಎಡವಿದ್ದೀರಿ.

2006ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಆ ಸಂಖ್ಯೆ ಹೆಣಗಳ ಎಣಿಕೆಯಲ್ಲ. 1,849 ಮನೆಗಳಲ್ಲಿ ಯಾರು, ಯಾವಾಗ ಸತ್ತರೆಂದು ಕೇಳಿ, 2003ರಲ್ಲಿ ಅಮೆರಿಕ ಇರಾಕಿನ ಮೇಲೆ ನಡೆಸಿದ ಯುದ್ಧಕ್ಕೆ ಮೊದಲಿದ್ದ ಸಾವಿನ ಪ್ರಮಾಣವನ್ನು ಕಳೆದು, ಉಳಿದ ‘ಹೆಚ್ಚುವರಿ ಸಾವ’ನ್ನು ಇಡೀ ದೇಶಕ್ಕೆ ಹಿಗ್ಗಿಸಿ ಪಡೆದ ಅಂದಾಜು. ಅದರಲ್ಲಿ ನಾಗರಿಕ, ಸೈನಿಕ ಎಂಬ ವಿಂಗಡಣೆಯಿಲ್ಲ. ಕಾಯಿಲೆಯಿಂದ ಸತ್ತವರೂ ಇದ್ದಾರೆ. ಕೊಂದವರೆಲ್ಲ ಒಂದೇ ಕಡೆಯವರೂ ಅಲ್ಲ. ಪಕ್ಕದಲ್ಲೇ ಕೊಟ್ಟಿದ್ದ 3,92,979ರಿಂದ 9,42,636ರವರೆಗಿನ ವ್ಯಾಪ್ತಿಯನ್ನು ಬಿಟ್ಟು, ಬಿಡಿಸ್ಥಾನದ ಐದನ್ನೂ ಕಣ್ಣಾರೆ ಕಂಡವರಂತೆ ಬರೆದಿದ್ದೀರಿ.

ಆಗ ಇದರ ಹತ್ತನೆಯ ಒಂದು ಭಾಗವನ್ನೂ ಹೇಳದ ‘ಇರಾಕ್ ಬಾಡಿ ಕೌಂಟ್’ ತಂಡವನ್ನು ಸುಳ್ಳುಗಾರರೆಂದು ಬೈದದ್ದು ಇನ್ನೂ ಅನ್ಯಾಯ. ಆಳಂದ ಕಡೆಯ ತೊಗರಿ ಬೆಳೆಗಾರರ ಮಗ ನೀವು. ಎಪಿಎಂಸಿಯಲ್ಲಿ ತೂಗಿದ ಚೀಲಗಳೇ ತಾಲ್ಲೂಕಿನ ಒಟ್ಟು ಇಳುವರಿ ಎಂದರೆ ನಿಮ್ಮ ತಂದೆ ಒಪ್ಪುತ್ತಾರೆಯೇ? ಕೆಲವೇ ಹೊಲಗಳ ಬೆಳೆ ಕೊಯ್ದು ಎಲ್ಲರ ಇಳುವರಿಯನ್ನು ಅಂದಾಜಿಸುವ ಬೆಳೆ ಕಟಾವು ಪ್ರಯೋಗಕ್ಕೆ ಯಾವ ಹೊಲ ಆಯ್ದರೆಂದು ಎಷ್ಟು ಸಲ ಜಗಳವಾಡಿಲ್ಲ! ಬಾಡಿ ಕೌಂಟ್‌ನವರು ಸುದ್ದಿಯಲ್ಲಿ, ಶವಾಗಾರದ ದಾಖಲೆಯಲ್ಲಿ ಸಿಕ್ಕ ನಾಗರಿಕರ ಸಾವುಗಳನ್ನಷ್ಟೇ ತೂಗಿದರು. ಲ್ಯಾನ್ಸೆಟ್‌ನವರದು ಕಟಾವು. ಮನೆಗಳನ್ನು ಆಯ್ದ ರೀತಿಯ ಬಗ್ಗೆ ಅಲ್ಲಿಯೂ ಜಗಳವಾಯಿತು. ಹೆಚ್ಚುಕಡಿಮೆ ಅದೇ ಅವಧಿಗೆ 9,345 ಮನೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇರಾಕ್ ಸರ್ಕಾರದೊಂದಿಗೆ ನಡೆಸಿದ ಸಮೀಕ್ಷೆ, ಹಿಂಸೆಗೆ ಬಲಿಯಾದವರು 1,51,000 ಎಂದಿತು. ನಿಮ್ಮಲ್ಲಿ ಇದರ ಸುಳಿವೇ ಇಲ್ಲ.

1990ರ ದಶಕದ ಬೋಸ್ನಿಯಾ ಯುದ್ಧದಲ್ಲೂ ಸತ್ತವರು ಎರಡು ಲಕ್ಷವೆಂಬ ಮಾತು ವರ್ಷಗಟ್ಟಲೆ ಓಡಿತು. ಹೆಸರು ಹಿಡಿದು ಎಣಿಸಿದಾಗ ಸುಮಾರು ಒಂದು ಲಕ್ಷಕ್ಕೆ ನಿಂತಿತು, ಅರ್ಧಕ್ಕಿಂತ ಹೆಚ್ಚಿನವರು ಸೈನಿಕರು.

ಶವಾಗಾರದ ಬಾಗಿಲಲ್ಲಿ ಕಾಯುವ ತಾಯಿಯ ಭಾಗ ಚೆನ್ನಾಗಿದೆ, ಅದನ್ನು ಮುಟ್ಟಬೇಡಿ. ಆದರೆ ‘ನಮ್ಮ ನೆಲ ಇಂಥದ್ದನ್ನು ಕಂಡಿಲ್ಲ’ ಎಂಬ ಕೊನೆಯ ಸಾಲಿಗೆ ಪೆನ್ನು ಕೆಳಗಿಟ್ಟೆ. 1948ರ ಪೊಲೀಸ್ ಕಾರ್ಯಾಚರಣೆಯ ವೇಳೆ ಮತ್ತು ಅದರ ನಂತರ ಹೈದರಾಬಾದ್ ಸಂಸ್ಥಾನದಲ್ಲಿ ಸತ್ತವರು 27 ಸಾವಿರದಿಂದ 40 ಸಾವಿರ ಎಂದು ಭಾರತ ಸರ್ಕಾರ ಕಳಿಸಿದ್ದ ಪಂಡಿತ್ ಸುಂದರಲಾಲ್ ಸಮಿತಿ ಅಂದಾಜಿಸಿತ್ತು. ಅತಿ ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಗುಲಬರ್ಗಾ, ಬೀದರ್ ಎರಡೂ ಇದ್ದವು. ಆ ಎರಡು ಸಂಖ್ಯೆಗಳ ನಡುವೆ ಉಳಿದ 13 ಸಾವಿರದ ಬಗ್ಗೆ ಬರೆಯುತ್ತೀರಾ? ಆಳಂದದ ಹಿರಿಯರನ್ನು ಕೇಳುತ್ತಾ ಶುರುಮಾಡಿ. ಪುಟ ಖಾಲಿ ಇಡುತ್ತೇನೆ.