ಕಿಡಿ ನೋಡಿ ಉಕ್ಕಿನ ಹೆಸರು ಹೇಳಬಹುದೇ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮನೆಯ ಹಿತ್ತಲಲ್ಲಿ ಸಣ್ಣ ಕುಲುಮೆ ಹೂಡಿಕೊಂಡವರದು. ಕೇಳಿರುವುದೂ ಹೆಚ್ಚುಕಡಿಮೆ ಒಂದೇ: ಗುಜರಿಯಲ್ಲಿ ಸಿಕ್ಕಿದ ಈ ತುಂಡು ಯಾವ ಉಕ್ಕು?

ಪ್ರಶ್ನೆ (ಹಾಸನದಿಂದ): ಗುಜರಿ ಅಂಗಡಿಯಿಂದ ಹತ್ತು ಕೆ.ಜಿ. ಕಬ್ಬಿಣ ತಂದಿದ್ದೇನೆ. ಲಾರಿಯ ಸ್ಪ್ರಿಂಗ್ ಪಟ್ಟಿ, ಯಾವುದೋ ಮೆಷಿನ್ನಿನ 25 ಮಿ.ಮೀ. ಶಾಫ್ಟ್, ರೋಟವೇಟರ್ ಬ್ಲೇಡು, ಮುರಿದ ಅರ ಇವೆ. ಗ್ರೈಂಡರಿಗೆ ಹಿಡಿದರೆ ಎಲ್ಲದರಿಂದಲೂ ಕಿಡಿ ಬರುತ್ತದೆ. ಕತ್ತಿಗೆ ಯಾವುದು ಆಗುತ್ತದೆಂದು ತಿಳಿಯುವುದು ಹೇಗೆ?

ಉತ್ತರ: ಹೆಸರು ಹುಡುಕುವ ಆಸೆ ಮೊದಲು ಬಿಡಿ. ಲ್ಯಾಬಿಗೆ ಕೊಡದೆ ಗುಜರಿ ತುಂಡಿನ ಗ್ರೇಡ್ ಖಚಿತವಾಗಿ ಗೊತ್ತಾಗುವುದಿಲ್ಲ. ಕಮ್ಮಾರಿಕೆಗೆ ಅದು ಬೇಕಾಗಿಯೂ ಇಲ್ಲ. ಕಾಯಿಸಿ ಅದ್ದಿದರೆ ಇದು ಗಡಸಾಗುತ್ತದೆಯೇ, ಎಣ್ಣೆಯಲ್ಲೋ ನೀರಿನಲ್ಲೋ, ಎಷ್ಟು ಕಾವಿಗೆ, ಇಷ್ಟು ಗೊತ್ತಾದರೆ ಕೆಲಸ ನಡೆಯುತ್ತದೆ.

ಮೊದಲು ಆಯಸ್ಕಾಂತ ಹಿಡಿಯಿರಿ. ಅಂಟದಿದ್ದರೆ ಅದು 304ರಂಥ ಸ್ಟೇನ್‌ಲೆಸ್ ಇರಬಹುದು, ಪಕ್ಕಕ್ಕಿಡಿ. ಅಂಟಿದ ಮಾತ್ರಕ್ಕೆ ಒಳ್ಳೆಯದೆಂದಲ್ಲ, ಸ್ಟೇನ್‌ಲೆಸ್‌ನಲ್ಲೂ ಅಂಟುವ ಜಾತಿಗಳಿವೆ. ಬೀಡು ಕಬ್ಬಿಣವೂ ಅಂಟುತ್ತದೆ, ಕೆಂಪಗೆ ಕಾಯಿಸಿ ಬಡಿದರೆ ಪುಡಿಯಾಗುತ್ತದೆ.

ಆಮೇಲೆ ಕಿಡಿ. ಕಿಡಿಯನ್ನು ಒಂಟಿಯಾಗಿ ನೋಡಿದರೆ ಏನೂ ತಿಳಿಯುವುದಿಲ್ಲ, ಪಕ್ಕದಲ್ಲಿಟ್ಟು ಹೋಲಿಸಬೇಕು. ಸ್ಟೀಲ್ ಅಂಗಡಿಯಲ್ಲಿ ಬಿಲ್ ಸಮೇತ ಎಂಎಸ್ (ಮೈಲ್ಡ್ ಸ್ಟೀಲ್, ಮೆದು ಉಕ್ಕು), ಇಎನ್8, ಇಎನ್9, ಇಎನ್31 ಎಂಬ ದರ್ಜೆಗಳ ಸಲಾಕೆಗಳನ್ನು ಒಂದೊಂದು ಗೇಣು ಕೊಳ್ಳಿ. ತುದಿಗೆ ಬೇರೆ ಬೇರೆ ಬಣ್ಣ ಬಳಿದು ಗ್ರೈಂಡರ್ ಹತ್ತಿರವೇ ನೇತುಹಾಕಿ. ಉಕ್ಕು ಗಡಸಾಗುವುದು ಅದರಲ್ಲಿರುವ ಇಂಗಾಲದಿಂದ: ಇಎನ್8ರಲ್ಲಿ ಇಂಗಾಲ ಸುಮಾರು 0.4 ಶೇಕಡಾ, ಇಎನ್9ರಲ್ಲಿ 0.5ರಿಂದ 0.6, ಇಎನ್31ರಲ್ಲಿ ಸುಮಾರು 1 ಶೇಕಡಾ ಇಂಗಾಲ ಮತ್ತು ಒಂದೂವರೆಯಷ್ಟು ಕ್ರೋಮಿಯಂ. ಕಲ್ಲಿನ ಮೈ ಮೊದಲು ಶುಚಿ ಮಾಡಿ, ಹಿಂದಿನ ಲೋಹ ಅಂಟಿಕೊಂಡಿದ್ದರೆ ಅದರ ಕಿಡಿಯೂ ಬೆರೆಯುತ್ತದೆ. ಮಬ್ಬು ಬೆಳಕಿನಲ್ಲಿ, ಎಲ್ಲ ತುಂಡಿಗೂ ಒಂದೇ ಒತ್ತಡ ಕೊಟ್ಟು ನೋಡಿ.

ಎಂಎಸ್‌ನ ಕಿಡಿ ಉದ್ದವಾಗಿ, ಒಣಹುಲ್ಲಿನ ಬಣ್ಣದ ಗೆರೆಯಾಗಿ ಹೋಗುತ್ತದೆ, ತುದಿಯಲ್ಲಿ ಒಂದೆರಡು ಕವಲು ಇದ್ದರೆ ಉಂಟು. ಇಂಗಾಲ ಏರಿದಂತೆ ಗೆರೆ ಗಿಡ್ಡವಾಗುತ್ತದೆ, ಕವಲುಗಳು ಹೆಚ್ಚುತ್ತವೆ. ಅರದ ಕಿಡಿಯಂತೂ ಕಲ್ಲಿನ ಬಾಯಲ್ಲೇ ಸುರುಸುರುಬತ್ತಿಯ ಹಾಗೆ ಚಟಪಟ ಸಿಡಿಯುತ್ತದೆ. ಬೀಡಿನದು ಮಂದ ಕೆಂಪು, ಗಿಡ್ಡ. ಪವರ್ ಹ್ಯಾಕ್ಸಾ ಬ್ಲೇಡಿನಂಥ ಹೈಸ್ಪೀಡ್ ಉಕ್ಕಿನಿಂದ ಕಡುಕೆಂಪು ಎಳೆಗಳು ಬರುತ್ತವೆ, ಸಿಡಿತ ಇಲ್ಲವೆನ್ನುವಷ್ಟು ಕಡಿಮೆ.

ಇಲ್ಲಿ ಎಷ್ಟೋ ಜನ ಎಡವುವುದು ಲಾರಿ ಪಟ್ಟಿಯ ವಿಷಯದಲ್ಲಿ. ಸಿಲಿಕಾನ್ ಇರುವ ಉಕ್ಕಿನಲ್ಲಿ ಕಿಡಿಯ ಸಿಡಿತ ಅಡಗುತ್ತದೆ. ಇಎನ್45, 55ಎಸ್‌ಐ7 ಮುಂತಾದ ಸ್ಪ್ರಿಂಗ್ ಉಕ್ಕುಗಳಲ್ಲಿ ಸಿಲಿಕಾನ್ ಒಂದೂವರೆಯಿಂದ ಎರಡು ಶೇಕಡಾ ಇರುವುದರಿಂದ, ಇರುವ ಇಂಗಾಲಕ್ಕಿಂತ ಕಡಿಮೆ ಇದ್ದಂತೆ ಕಿಡಿ ತೋರಿಸುತ್ತದೆ. ಕಿಡಿ ನೋಡಿ ‘ಇದು ಮೆದು’ ಎಂದು ಒಳ್ಳೆಯ ಪಟ್ಟಿಯನ್ನು ಎಸೆದವರು ಕಡಿಮೆಯಿಲ್ಲ.

ಹಾಗಾಗಿ ಕೊನೆಯ ಮಾತು ಅದ್ದಿ ಮುರಿಯುವ ಪರೀಕ್ಷೆಯದು. ಪ್ರತಿ ತುಂಡಿನಿಂದಲೂ 8 ಸೆಂ.ಮೀ. ಉದ್ದ, 20 ಮಿ.ಮೀ. ಅಗಲ, 5–6 ಮಿ.ಮೀ. ದಪ್ಪದ ಮೂರು ಚೂರು ಮಾಡಿಕೊಳ್ಳಿ. ಶಾಫ್ಟಾದರೆ ಕಾಯಿಸಿ ಬಡಿದು ತೆಳ್ಳಗೆ ಮಾಡಿ, ಒಮ್ಮೆ ಕೆಂಪಗೆ ಕಾಯಿಸಿ ಗಾಳಿಯಲ್ಲಿ ಆರಿಸಿ. ಒಂದು ಚೂರನ್ನು ನೆರಳಿನಲ್ಲಿ ಕಾಯಿಸುತ್ತಾ ಆಗಾಗ ಆಯಸ್ಕಾಂತ ಹಿಡಿಯಿರಿ. 770 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಅಂಟುವುದು ನಿಲ್ಲುತ್ತದೆ. ಅಲ್ಲಿಂದ ಬಣ್ಣ ಇನ್ನೊಂದಿಷ್ಟು ಏರಿದ ಕೂಡಲೇ, ಅಂದಾಜು 810–830ಕ್ಕೆ, 50–60 ಡಿಗ್ರಿಗೆ ಬೆಚ್ಚಗೆ ಮಾಡಿದ ಅಡುಗೆ ಎಣ್ಣೆಯಲ್ಲಿ ಅದ್ದಿ ಅಲ್ಲಾಡಿಸಿ. ಶೇಂಗಾ ಎಣ್ಣೆ, ಸೂರ್ಯಕಾಂತಿ ಎರಡೂ ಆಗುತ್ತವೆ. ಐದು ಲೀಟರ್ ಬೇಕು, ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಖಂಡಿತ ಬೇಡ. ಹಳೆಯ ಇಂಜಿನ್ ಆಯಿಲ್ಲೂ ಬೇಡ, ಅದರ ಹೊಗೆ ಒಳ್ಳೆಯದಲ್ಲ.

ಆರಿದ ಮೇಲೆ ಮೇಲಿನ ಕಪ್ಪು ಹಕ್ಕಳೆ ಉಜ್ಜಿ ತೆಗೆದು ಹೊಸ ಅರ ಆಡಿಸಿ. ಗಾಜಿನ ಮೇಲೆ ಆಡಿದಂತೆ ಜಾರಿದರೆ ಗಡಸಾಗಿದೆ. ಕಚ್ಚಿದರೆ ಎರಡನೆಯ ಚೂರನ್ನು ಅದೇ ಕಾವಿನಿಂದ ನೀರಿಗೆ ಹಾಕಿ. ಅಲ್ಲೂ ಸಲೀಸಾಗಿ ಕಚ್ಚಿದರೆ ಆ ಸಲಾಕೆ ಕೊಕ್ಕೆ, ಇಕ್ಕಳ, ಬಾಗಿಲ ಅಗುಳಿಗೆ ಸರಿ, ಕತ್ತಿಗಲ್ಲ.

ಗಡಸಾದ ಚೂರನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ, ಎರಡು ಸೆಂ.ಮೀ. ವೈಸಿನಲ್ಲಿ ಕಚ್ಚಿಸಿ, ಮುಖಕ್ಕೆ ಶೀಲ್ಡ್ ಹಾಕಿಕೊಂಡು ಸುತ್ತಿಗೆಯಿಂದ ಹೊಡೆಯಿರಿ. ಮುರಿದ ಮುಖವೇ ನಿಮಗೆ ಬೇಕಾದ ಕಾಗದಪತ್ರ. ಬೂದುಬಣ್ಣದಲ್ಲಿ ಮಖಮಲ್ಲಿನಂತೆ ನುಣ್ಣಗಿದ್ದರೆ ಕಾವು ಸರಿಯಿತ್ತು. ಸಕ್ಕರೆ ಹರಳಿನಂತೆ ಮಿನುಗಿದರೆ ಅತಿಯಾಗಿ ಕಾದು ಕಣ ದಪ್ಪಗಾಗಿದೆ, ಮೂರನೆಯ ಚೂರನ್ನು ಕಡಿಮೆ ಕಾವಿನಲ್ಲಿ ಅದ್ದಿ ನೋಡಿ. ಮುರಿಯದೆ ಬಾಗಿದರೆ ಗಡಸುತನ ಒಳಗೆ ಇಳಿದಿಲ್ಲ.

ನಿಮ್ಮ ರಾಶಿಯಲ್ಲಿ ಅರ ಮತ್ತು ಸ್ಪ್ರಿಂಗ್ ಪಟ್ಟಿಯ ಮೇಲೆ ಭರವಸೆ ಇಡಬಹುದು. ಶಾಫ್ಟ್ ಏನು ಬೇಕಾದರೂ ಆಗಿರಬಹುದು. ರೋಟವೇಟರ್ ಬ್ಲೇಡುಗಳಲ್ಲಿ ಎಷ್ಟೋ ಬೋರಾನ್ ಉಕ್ಕಿನವು. ಇಂಗಾಲ 0.3 ಶೇಕಡಾ ಆಸುಪಾಸು ಇದ್ದರೂ ಚೆನ್ನಾಗಿ ಗಡಸಾಗಿ ಮಣ್ಣಿಗೆ ತಡೆಯುತ್ತವೆ, ಆದರೆ ಅಡುಗೆಮನೆ ಚಾಕುವಿನ ಹರಿತ ಬಹಳ ಹೊತ್ತು ನಿಲ್ಲುವುದಿಲ್ಲ. ಗುದ್ದಲಿ, ಕಳೆ ತೆಗೆಯುವ ಹತ್ಯಾರಕ್ಕೆ ಬಳಸಿ. ಪ್ರತಿ ತುಂಡಿನ ಫಲಿತಾಂಶವನ್ನು ಪೇಂಟಿನಲ್ಲಿ ಅದರ ಮೈಮೇಲೇ ಬರೆಯಿರಿ. ನೋಟ್‌ಬುಕ್ಕಿನಲ್ಲಿ ಬರೆದದ್ದು ಯಾವ ತುಂಡಿನದೆಂದು ತಿಂಗಳಾದ ಮೇಲೆ ಯಾರಿಗೂ ತಿಳಿಯುವುದಿಲ್ಲ.

ಪ್ರಶ್ನೆ (ಸಾಗರದಿಂದ): ಲಾರಿ ಪಟ್ಟಿಯಿಂದ ಕುಡುಗೋಲು ಮಾಡಿ ನೀರಿಗೆ ಹಾಕಿದೆ. ‘ಟಿಣ್’ ಎಂದಿತು. ನೋಡಿದರೆ ಬಾಯಿಯಿಂದ ಬೆನ್ನಿನ ಕಡೆಗೆ ಕೂದಲೆಳೆಯಂಥ ಸೀಳು. ನಮ್ಮೂರ ಕಮ್ಮಾರರು ನೀರನ್ನೇ ಬಳಸುತ್ತಾರಲ್ಲ?

ಉತ್ತರ: ಉಕ್ಕು ಗಡಸಾಗುವ ಗಳಿಗೆಯಲ್ಲಿ ಗಾತ್ರದಲ್ಲಿ ಸ್ವಲ್ಪ ಹಿಗ್ಗುತ್ತದೆ. ನೀರಿನಲ್ಲಿ ಹೊರಮೈ ಮೊದಲು ಗಡಸಾಗಿ ಕೂತುಬಿಡುತ್ತದೆ. ಒಳಗಿನದು ತಡವಾಗಿ ಹಿಗ್ಗಲು ಹೊರಟಾಗ ಹೊರಮೈಗೆ ಬಾಗುವ ಶಕ್ತಿ ಉಳಿದಿರುವುದಿಲ್ಲ, ಸೀಳುತ್ತದೆ. ಸ್ಪ್ರಿಂಗ್ ಪಟ್ಟಿ ಎಣ್ಣೆಯಲ್ಲೇ ಗಡಸಾಗುವ ಉಕ್ಕು, ಅದಕ್ಕೆ ನೀರಿನ ವೇಗ ಬೇಕಿಲ್ಲ.

ನಿಮ್ಮೂರ ಕಮ್ಮಾರರ ಕೈ ಗಮನವಿಟ್ಟು ನೋಡಿ. ಅವರು ಇಡೀ ಕುಡುಗೋಲನ್ನು ಮುಳುಗಿಸುವುದಿಲ್ಲ. ಬಾಯಿಯನ್ನಷ್ಟೇ ಎರಡು ಮೂರು ಸೆಕೆಂಡು ನೀರಿಗೆ ತಾಗಿಸಿ ಎತ್ತುತ್ತಾರೆ. ಬೆನ್ನಿನಲ್ಲಿ ಉಳಿದ ಕಾವು ಮತ್ತೆ ಬಾಯಿಗೆ ಇಳಿದು ಹದ ಬರುತ್ತದೆ, ಅಂದರೆ ಗಡಸಾದ ಉಕ್ಕಿನ ಪೆಡಸುತನ ತುಸು ಇಳಿಯುತ್ತದೆ. ಆ ಕಾವಿಗೆ ಮೈಮೇಲೆ ಮೂಡುವ ಬಣ್ಣ ಓಡುವುದನ್ನು ನೋಡುತ್ತಾ ಸರಿಯಾದಾಗ ಪೂರ್ತಿ ತಣಿಸುತ್ತಾರೆ. ಅದು ನೂರಾರು ಕುಡುಗೋಲು ಮಾಡಿದ ಕಣ್ಣಿನ ಕೆಲಸ, ಮೊದಲ ಕುಡುಗೋಲಿನಲ್ಲಿ ಬರುವುದಲ್ಲ.

ಇನ್ನೊಂದು ಸಾಧ್ಯತೆ: ಸೀಳು ನೀವು ಮಾಡಿದ್ದೇ ಅಲ್ಲದಿರಬಹುದು. ಲಕ್ಷಾಂತರ ಸಲ ಬಾಗಿ ಎದ್ದ ಪಟ್ಟಿಯಲ್ಲಿ ದಣಿವಿನ ಬಿರುಕುಗಳು ಮೊದಲೇ ಇರುತ್ತವೆ, ಅದರಲ್ಲೂ ನಡುವಿನ ಬೋಲ್ಟಿನ ತೂತಿನ ಸುತ್ತ. ತುಕ್ಕು ಉಜ್ಜಿ ತೆಗೆದು, ಪಟ್ಟಿಯನ್ನು ಅರ್ಧ ಗಂಟೆ ಸೀಮೆಎಣ್ಣೆಯಲ್ಲಿ ನೆನೆಸಿ (ಈಗ ಅದು ಸಿಗುವುದೇ ಕಷ್ಟ, ಡೀಸೆಲ್ ಆದೀತು). ಚೆನ್ನಾಗಿ ಒರೆಸಿ ಒಣಗಿಸಿ, ಮೇಲೆ ಸೀಮೆಸುಣ್ಣ ಉಜ್ಜಿ, ಸುತ್ತಿಗೆಯಿಂದ ನಾಲ್ಕಾರು ಸಲ ತಟ್ಟಿ ಹತ್ತು ನಿಮಿಷ ಬಿಡಿ. ಬಿರುಕಿದ್ದಲ್ಲಿ ಬಿಳಿಯ ಮೇಲೆ ಎಣ್ಣೆ ಒಸರಿದ ಗೆರೆ ಕಾಣುತ್ತದೆ. ತೂತಿನ ಎರಡೂ ಕಡೆ ಮೂರು ಮೂರು ಬೆರಳು ಬಿಟ್ಟೇ ಕತ್ತರಿಸಿಕೊಳ್ಳುವುದು ಲೇಸು.

ಮುಂದಿನ ಸಲ ಅದ್ದುವ ಮುನ್ನ ಬಾಯಿಯ ಅಂಚು 1.5ರಿಂದ 2 ಮಿ.ಮೀ. ದಪ್ಪ ಇರಲಿ, ಗ್ರೈಂಡರಿನ ಗೆರೆಗಳು ಅಡ್ಡವಾಗಿ ಉಳಿಯದೆ ಉದ್ದಕ್ಕೆ ಓಡಲಿ. ಕೆಂಪಗೆ ಕಾಯಿಸಿ ಗಾಳಿಯಲ್ಲಿ ಆರಿಸುವುದನ್ನು ಮೂರು ಸಲ ಮಾಡಿ, ಆಮೇಲೆ ಎಣ್ಣೆಗೆ ಹಾಕಿ. ಗಡಸಾದ ಕೂಡಲೇ ಹದ ಮಾಡಿ, ನಾಳೆಗೆ ಇಡಬೇಡಿ. ಒಟಿಜಿ ಅವನ್ ಇದ್ದರೆ 240 ಡಿಗ್ರಿಯಲ್ಲಿ ಒಂದೊಂದು ಗಂಟೆ ಎರಡು ಸಲ. ಡಯಲ್ ನಂಬದೆ ಒಳಗೆ ಬೇರೆ ಥರ್ಮಾಮೀಟರ್ ಇಡಿ. ಇಲ್ಲದಿದ್ದರೆ ಮೈಯನ್ನು ಬೆಳ್ಳಗೆ ಉಜ್ಜಿ ಬೆನ್ನಿನ ಕಡೆಯಿಂದ ನಿಧಾನವಾಗಿ ಕಾಯಿಸಿ. 220ಕ್ಕೆ ಒಣಹುಲ್ಲಿನ ಬಣ್ಣ, 250ಕ್ಕೆ ಕಂದು, 275ಕ್ಕೆ ನೇರಳೆ, 295ಕ್ಕೆ ನೀಲಿ. ಕುಡುಗೋಲಿನ ಬಾಯಿ ಕಂದಿನಲ್ಲಿ ನಿಲ್ಲಲಿ, ಬೆನ್ನು ನೀಲಿಯಾದರೂ ಸರಿ.

ಪ್ರಶ್ನೆ (ತುಮಕೂರಿನಿಂದ): ಮನೆ ಕಟ್ಟಿದಾಗ ಉಳಿದ 16 ಮಿ.ಮೀ. ಟಿಎಂಟಿ ಸರಳಿನಿಂದ ಉಳಿ ಮಾಡಿದೆ. ತುದಿ ಮಡಚಿಕೊಳ್ಳುತ್ತದೆ. ಆದರೆ ಸರಳನ್ನು ಗರಗಸದಲ್ಲಿ ಕೊಯ್ಯುವಾಗ ಹೊರಗೆ ಬಹಳ ಗಟ್ಟಿಯಿತ್ತು.

ಉತ್ತರ: ಕಾರ್ಖಾನೆಯಲ್ಲಿ ಬಿಸಿ ಸರಳಿನ ಮೇಲೆ ನೀರು ಚಿಮ್ಮಿಸಿ ಹೊರಪದರವನ್ನಷ್ಟೇ ಗಡಸು ಮಾಡಿರುತ್ತಾರೆ. ನೀವು ಕುಲುಮೆಯಲ್ಲಿ ಕಾಯಿಸಿದಾಗಲೇ ಅದು ಹೋಯಿತು. ಫೆ 500 ದರ್ಜೆಯ ಸರಳಿನಲ್ಲಿ ಇಂಗಾಲಕ್ಕೆ ಭಾರತೀಯ ಮಾನಕ ಐಎಸ್ 1786 ಇಟ್ಟಿರುವ ಮಿತಿ 0.30 ಶೇಕಡಾ, ಉಳಿಗೆ ಅದು ಸಾಲದು. ಇಎನ್9 ಕೊಳ್ಳಿ, ಹೊಸದಾದರೂ ಒಂದು ಉಳಿಗೆ ಬೇಕಾಗುವಷ್ಟು ತುಂಡಿನ ಬೆಲೆ ದೊಡ್ಡದಲ್ಲ.

ಪ್ರಶ್ನೆ (ಧಾರವಾಡದಿಂದ): ಹಳೆಯ ನೀರಿನ ಪೈಪು ಕಾಯಿಸಿದಾಗ ಬಿಳಿ ಹೊಗೆ ಬಂತು. ರಾತ್ರಿ ಚಳಿಜ್ವರ, ಬಾಯಲ್ಲಿ ಲೋಹದ ರುಚಿ. ಸಂಬಂಧ ಇದೆಯೇ?

ಉತ್ತರ: ಇದ್ದಿರಬಹುದು, ವೈದ್ಯರಿಗೆ ಹೊಗೆಯ ವಿಷಯವನ್ನೂ ತಪ್ಪದೆ ಹೇಳಿ. ಜಿಐ ಪೈಪಿನ ಮೇಲಿನದು ಸತುವು. 907 ಡಿಗ್ರಿಗೆ ಅದು ಕುದಿದು ಆವಿಯಾಗುತ್ತದೆ, ಕುಲುಮೆಯ ಬೆಂಕಿ ಅದಕ್ಕಿಂತ ಬಿಸಿ. ಜಿಐ ತಗಡು, ಪೈಪು, ಹಳದಿ ಮಿರುಗಿನ ಬೋಲ್ಟು, ಕ್ರೋಮ್ ಹೊಳಪಿನ ಬೈಕ್ ಫೋರ್ಕ್ ಕೊಳವೆ ಯಾವುದನ್ನೂ ಬೆಂಕಿಗೆ ಹಾಕಬೇಡಿ. ಬಾಯಿ ಮುಚ್ಚಿದ ಕೊಳವೆ, ಶಾಕ್ ಅಬ್ಸಾರ್ಬರ್ ಇನ್ನೂ ಅಪಾಯ, ಒಳಗಿನ ಎಣ್ಣೆ, ಗಾಳಿ ಹಿಗ್ಗಿ ಬಾಂಬಿನಂತೆ ಸಿಡಿಯುತ್ತವೆ.

ಪ್ರಶ್ನೆ (ಅರಸೀಕೆರೆಯಿಂದ): ಅಡಿಗಲ್ಲಿಗೆ (ಕಾದ ಕಬ್ಬಿಣ ಇಟ್ಟು ಬಡಿಯುವ ದಿಮ್ಮಿಗೆ) ಒಂದು ಮೊಳ ರೈಲು ಕಂಬಿ ಗುಜರಿಯಲ್ಲಿ ಇದೆ. ಕೊಳ್ಳಬಹುದೇ?

ಉತ್ತರ: ಅಡಿಗಲ್ಲಿಗೆ ಹೇಳಿಮಾಡಿಸಿದಂಥದ್ದು, ನೆಟ್ಟಗೆ ನಿಲ್ಲಿಸಿ ತುದಿಯ ಮೇಲೆ ಬಡಿದರೆ ಇನ್ನೂ ಚೆನ್ನ. ಆದರೆ ರೈಲ್ವೆ ಹರಾಜಿನ ಕಾಗದ ಅಂಗಡಿಯವರ ಹತ್ತಿರ ಇಲ್ಲದಿದ್ದರೆ ಮುಟ್ಟಬೇಡಿ. 1966ರ ರೈಲ್ವೆ ಆಸ್ತಿ ಕಾಯಿದೆಯಡಿ ಕದ್ದವರಷ್ಟೇ ಅಲ್ಲ, ಕದ್ದ ಮಾಲು ಇಟ್ಟುಕೊಂಡವರೂ ಸಿಕ್ಕಿಬೀಳುತ್ತಾರೆ. ಹಳಿ ಹಿಡಿಯುವ ಕ್ಲಿಪ್ಪು, ಮೊಳೆಗಳಿಗೂ ಇದೇ ಮಾತು.

ಪ್ರಶ್ನೆ (ಮಂಡ್ಯದಿಂದ): ಅಜ್ಜನ ಕಾಲದ ಗಾಡಿ ಚಕ್ರದ ಪಟ್ಟಿ ಇದೆ. ‘ಮೈಸೂರು ಉಕ್ಕು’ ಇರಬಹುದೇ?

ಉತ್ತರ: ಇರಲಾರದು. ಮೂಸೆಯಲ್ಲಿ ಕರಗಿಸಿದ ಆ ಉಕ್ಕು, ಪಾಶ್ಚಾತ್ಯರ ಬಾಯಲ್ಲಿ ‘ವೂಟ್ಜ್’ ಆದದ್ದು, ಹರಿತದ ಆಯುಧಕ್ಕೆ ಹೋಗುತ್ತಿದ್ದ ದುಬಾರಿ ಸರಕು. ಗಾಡಿ ಚಕ್ರಕ್ಕೆ ಅದನ್ನು ಯಾರೂ ಸುತ್ತುತ್ತಿರಲಿಲ್ಲ. ಆದರೆ ಹಳೆಯ ಕಾಲದ ಮೆದು ಕಬ್ಬಿಣ ಆಗಿರಬಹುದು. ಪಟ್ಟಿಯನ್ನು ಅರ್ಧ ದಪ್ಪಕ್ಕೆ ಗರಗಸ ಹಾಕಿ, ತಣ್ಣಗಿರುವಾಗಲೇ ವೈಸಿನಲ್ಲಿಟ್ಟು ನಿಧಾನವಾಗಿ ಬಾಗಿಸಿ. ಹಸಿ ಬಿದಿರು ಮುರಿದಂತೆ ನಾರುನಾರಾಗಿ ಸೀಳಿದರೆ ಅದು ಹಳೆಯ ಕಬ್ಬಿಣ, ಆ ನಾರು ಒಳಗೆ ಉಳಿದ ಕಿಟ್ಟದ ಎಳೆಗಳದ್ದು. ನಯವಾಗಿ ಬಾಗಿ, ಮುರಿದಲ್ಲಿ ಬೂದುಬಣ್ಣ ಒಂದೇ ಸಮ ಕಂಡರೆ ಸಾಧಾರಣ ಎಂಎಸ್.