ಬಂಬಾರಾ ಭಾಷೆಯಲ್ಲಿ ‘ಯೆ’ ಯಾವಾಗ, ‘ರಾ’ ಯಾವಾಗ? ಪದಗಳ ಜೋಡಣೆ ಕನ್ನಡದ ಹಾಗೇನಾ?

‘ಪದಗಳ ಜೋಡಣೆ ಕನ್ನಡದ ಹಾಗೇ ಇದೆ, ಕನ್ನಡದಲ್ಲಿ ಯೋಚಿಸಿ ಬಂಬಾರಾದಲ್ಲಿ ಹೇಳಿದರೆ ಸಾಕಲ್ವಾ’ ಅಂತ ಬರೆದಿದ್ದೀರಿ. ಬಂಬಾರಾ ಮಾತಾಡುವ ಪಶ್ಚಿಮ ಆಫ್ರಿಕಾದ ಮಾಲಿ ದೇಶಕ್ಕೆ ಹೋದ ಹೊಸದರಲ್ಲಿ ನಾನೂ ಇದನ್ನೇ ನಂಬಿದ್ದೆ. ಸಾಕಾಗುವುದಿಲ್ಲ. ಕೆಲಸ ಆಯಿತು ಅಂತ ಹೇಳುವ ‘ಯೆ’, ‘ರಾ’ ವಿಷಯಕ್ಕೆ ಆಮೇಲೆ ಬರುತ್ತೇನೆ. ಈ ನಂಬಿಕೆಯಿಂದ ಏನಾಯಿತು ಅನ್ನುವುದನ್ನು ಮೊದಲು ಕೇಳಿ.

ಸೆಗು ಊರಿನ ಹತ್ತಿರ, ನೈಜರ್ ನದಿ ದಂಡೆಯ ಭತ್ತದ ಗದ್ದೆಗಳಿಗೆ ಪಂಪ್‌ಸೆಟ್ ಕೂರಿಸುವುದು ನನ್ನ ಕೆಲಸವಾಗಿತ್ತು. ಆ ಸೀಮೆಗೆ ಭತ್ತದ ನೀರಾವರಿ ಹೊಸದಲ್ಲ. ಫ್ರೆಂಚರ ಆಳ್ವಿಕೆಯಲ್ಲಿ, 1934ರಿಂದ 1947ರ ನಡುವೆ, ಮಾರ್ಕಾಲಾದಲ್ಲಿ ನದಿಗೆ ಅಡ್ಡಗಟ್ಟೆ ಕಟ್ಟಿದರು. ಅಲ್ಲಿಂದ ಕಾಲುವೆಗಳು ನಿಯೊನೊ ಕಡೆ ಹರಿಯುತ್ತವೆ. ಕಾಲುವೆ ಇಲ್ಲದ ಕಡೆ ನದಿಯಿಂದಲೇ ನೀರೆತ್ತಬೇಕು. ನಾನು ಗಂಗಾವತಿ ಕಡೆಯವನು. ಗದ್ದೆ, ನಾಟಿ, ಸಸಿಮಡಿ ಎಲ್ಲ ನೋಡಿಯೇ ಬೆಳೆದವನು. ಅಲ್ಲಿನ ರೈತರ ಜೊತೆ ಬೇಗ ಹೊಂದಿಕೊಂಡೆ. ಭಾಷೆಯೂ ಹಾಗೇ ಹತ್ತಿರದ್ದು ಅನಿಸಿತು.

ಯಾಕೆ ಅನಿಸಿತು ಅಂದರೆ, ‘ನ್ ಬೆ ಜಿ ಮಿನ್’. ನ್ ಅಂದರೆ ನಾನು, ಜಿ ಅಂದರೆ ನೀರು, ಮಿನ್ ಅಂದರೆ ಕುಡಿ. ನಡುವಿನ ‘ಬೆ’ ಬಿಟ್ಟರೆ ನಮ್ಮ ‘ನಾನು ನೀರು ಕುಡಿಯುತ್ತೇನೆ’ಯೇ. ಕರ್ಮ ಮೊದಲು, ಕ್ರಿಯಾಪದ ಆಮೇಲೆ. ನಮ್ಮ ‘-ಗೆ’, ‘-ಅಲ್ಲಿ’ ತರದ ತುಣುಕುಗಳೂ ಹೆಸರಿನ ಹಿಂದೆಯೇ ಬರುತ್ತವೆ. ಸಂತೆ ‘ಸುಗು’, ಸಂತೆಗೆ ಅಥವಾ ಸಂತೆಯಲ್ಲಿ ಅಂದರೆ ‘ಸುಗು ಲಾ’. ಜೊತೆಗಿದ್ದ ಫ್ರೆಂಚ್ ಮಾತಿನವರು ಇದಕ್ಕೆಲ್ಲ ಒದ್ದಾಡುತ್ತಿದ್ದರು. ನನಗೆ ಸಲೀಸಾಗಿ ಬಂತು. ಹಾಗಾಗಿ ವ್ಯಾಕರಣ ಓದುವುದನ್ನು ಬಿಟ್ಟು, ಒಂದೊಂದೇ ಪದ ಕಲಿತು ಕನ್ನಡದ ಸಾಲಿಗೆ ಕೂರಿಸುತ್ತಾ ಹೋದೆ.

ಪೈಪ್ ಹಾಕಲು ಗುಂಡಿ ತೋಡುವ ಆಳುಗಳ ಗುಂಪೊಂದು ಇತ್ತು. ಅವರಿಗೊಬ್ಬ ಮೇಸ್ತ್ರಿ, ವಯಸ್ಸಾದವರು, ಊರಲ್ಲಿ ಮರ್ಯಾದೆ ಇದ್ದವರು. ಗುಂಪಿನ ಮುಖಂಡನಿಗೆ ಅಲ್ಲಿ ‘ಕುನ್ತಿಗಿ’ ಅನ್ನುತ್ತಾರೆ. ಕೂಲಿ ಹಣವನ್ನು ಸಂಜೆ ಅವರ ಕೈಗೆ ಕೊಟ್ಟೆ. ಎಲ್ಲಾ ಹತ್ತು ಸಾವಿರ ಫ್ರಾಂಕಿನ ದೊಡ್ಡ ನೋಟುಗಳು. ಆ ಹಳ್ಳಿಯಲ್ಲಿ ಅದಕ್ಕೆ ಚಿಲ್ಲರೆ ಹುಟ್ಟುವುದಿಲ್ಲ. ಹಂಚಬೇಕಲ್ಲ ಅಂತ ಅವರು ಬೆಳಿಗ್ಗೆ ಬೇಗ ಎದ್ದು ಚಿಲ್ಲರೆ ಮಾಡಿಸಲು ಸೆಗುಗೆ ಹೊರಟರು. ಆಳುಗಳು ಕೆಲಸಕ್ಕೆ ಬಂದು, ಹಣ ಎಲ್ಲಿ ಅಂತ ನನ್ನನ್ನು ಕೇಳಿದರು. ‘ಮೇಸ್ತ್ರಿಗೆ ಹಣ ಕೊಟ್ಟೆ’ ಅನ್ನಬೇಕಿತ್ತು ನನಗೆ. ಮೇಸ್ತ್ರಿ ಕುನ್ತಿಗಿ, ‘-ಗೆ’ಗೆ ಮಾ, ಹಣ ವಾರಿ, ಕೊಡು ದಿ. ನಾಲ್ಕೂ ಪದ ಸರಿಯಾಗಿ ಗೊತ್ತಿದ್ದವು. ಕನ್ನಡದ ಸಾಲಿನಲ್ಲೇ ಜೋಡಿಸಿ ಹೇಳಿದೆ: ‘ಕುನ್ತಿಗಿ ಮಾ ವಾರಿ ದಿ.’

ಇದು ತಪ್ಪು ಬಂಬಾರಾ ಅಲ್ಲ, ಒಳ್ಳೆಯ ಶುದ್ಧ ಬಂಬಾರಾ. ಆದರೆ ಅದರ ಅರ್ಥ ‘ಮೇಸ್ತ್ರಿ ಹಣ ಕೊಡಲಿಲ್ಲ.’

ಅವರಲ್ಲೊಬ್ಬ ಮತ್ತೆ ಕೇಳಿದ, ‘ಆ ಮಾ ವಾರಿ ದಿ ವಾ?’ ಅವರು ಕೊಡಲಿಲ್ಲವಾ ಅಂತ. ನನ್ನ ಕಿವಿಗೆ ಬಿದ್ದದ್ದು ನಾನು ಹೇಳಿದ್ದೇ ಪದಗಳು. ಅವನು ‘ಅವರಿಗೆ ಕೊಟ್ರಾ’ ಅನ್ನುತ್ತಿದ್ದಾನೆ ಅಂದುಕೊಂಡೆ. ‘ಒವೊ’ ಅಂದೆ. ಹೌದು ಅಂತ. ಅಲ್ಲಿಗೆ ಮುಗಿಯಿತು.

ಎಲ್ಲಿ ಎಡವಿದೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ, ಯಾಕಂದರೆ ನೀವೂ ಅದೇ ದಾರಿಯಲ್ಲಿದ್ದೀರಿ. ಬಂಬಾರಾ ವಾಕ್ಯದಲ್ಲಿ ಮೊದಲು ಕರ್ತೃ. ಅದರ ಬೆನ್ನಿಗೇ ಒಂದು ಪುಟ್ಟ ಪದ: ಕೆಲಸ ಆಯಿತಾ, ಆಗುತ್ತಿದೆಯಾ, ಆಗಲಿಲ್ಲವಾ ಅಂತ ಹೇಳುವ ಪದ. ಆಮೇಲೆ ಕರ್ಮ, ಆಮೇಲೆ ಕ್ರಿಯಾಪದ. ಮಿಕ್ಕಿದ್ದೆಲ್ಲ, ಯಾರಿಗೆ, ಎಲ್ಲಿ, ಯಾವುದರಿಂದ, ಕ್ರಿಯಾಪದದ ನಂತರ. ಕನ್ನಡದಲ್ಲಿ ಕ್ರಿಯಾಪದ ಬಂತು ಅಂದರೆ ಸಾಮಾನ್ಯವಾಗಿ ಮಾತು ಮುಗಿಯಿತು. ಅಲ್ಲಿ ಅರ್ಧ ಮಾತು ಇನ್ನೂ ಬಾಕಿ ಇರುತ್ತದೆ. ನಾನು ಹೇಳಬೇಕಿದ್ದದ್ದು ‘ನ್ ಯೆ ವಾರಿ ದಿ ಕುನ್ತಿಗಿ ಮಾ’. ನಾನು, ಯೆ, ಹಣ, ಕೊಡು, ಮೇಸ್ತ್ರಿಗೆ.

ಇನ್ನು ಆ ‘ಮಾ’. ಕ್ರಿಯಾಪದ ಆದ ಮೇಲೆ ಒಂದು ಹೆಸರಿನ ಹಿಂದೆ ಬಂದರೆ ಅದು ನಮ್ಮ ‘-ಗೆ’. ಕರ್ತೃವಿನ ಬೆನ್ನಿಗೆ, ‘ಯೆ’ ಇರಬೇಕಾದ ಜಾಗದಲ್ಲಿ ಬಂದರೆ ಅದು ‘ಆಗಲಿಲ್ಲ’. ಎರಡೂ ನನಗೆ ಬೇರೆ ಬೇರೆಯಾಗಿ ಗೊತ್ತಿದ್ದವು. ಜಾಗ ಬದಲಾದರೆ ಒಂದು ಇನ್ನೊಂದಾಗುತ್ತದೆ ಅನ್ನುವುದು ಗೊತ್ತಿರಲಿಲ್ಲ. ಅದರ ಮೇಲೆ ‘ನ್’ ಕೂಡ ಬಿಟ್ಟಿದ್ದೆ. ‘ಕೊಟ್ಟೆ’ ಅಂದರೆ ನಾನೇ ಕೊಟ್ಟದ್ದು ಅಂತ ಕನ್ನಡದ ಕ್ರಿಯಾಪದವೇ ಹೇಳುತ್ತದೆ. ಬಂಬಾರಾ ಕ್ರಿಯಾಪದ ಅದನ್ನು ಹೇಳುವುದಿಲ್ಲ. ನಾನು, ನೀನು, ಅವರು ಯಾರೇ ಕೊಟ್ಟರೂ ‘ದಿ’ ಬರೀ ‘ದಿ’. ಹಾಗಾಗಿ ಮೊದಲ ಜಾಗ ಖಾಲಿ ಬಿಟ್ಟರೆ, ಅಲ್ಲಿಗೆ ಬಂದು ಕೂತವರೇ ಕರ್ತೃ. ಮೇಸ್ತ್ರಿಯನ್ನು ಆ ಜಾಗದಲ್ಲಿ ಕೂರಿಸಿದವನು ನಾನು.

ಅವರು ಮಧ್ಯಾಹ್ನ ಚಿಲ್ಲರೆ ಹಿಡಿದುಕೊಂಡು ವಾಪಸ್ ಬರುವಷ್ಟರಲ್ಲಿ, ಕೂಲಿ ನುಂಗಿದರು ಅನ್ನುವ ಸುದ್ದಿ ಊರೆಲ್ಲ ಹಬ್ಬಿತ್ತು. ಅವರ ಮಕ್ಕಳ ವಯಸ್ಸಿನ ಹುಡುಗರು ಎದುರು ನಿಂತು ಕೇಳಿದರು. ಅವರು ಒಂದೂ ಮಾತಾಡದೆ ಹಣ ಹಂಚಿದರು, ನನ್ನ ಕಡೆ ನೋಡಲೂ ಇಲ್ಲ, ಮನೆಗೆ ಹೋದರು. ಮತ್ತೆ ಕೆಲಸಕ್ಕೆ ಬರಲಿಲ್ಲ. ಅವರಿಲ್ಲದೆ ಗುಂಪು ಚದುರಿತು. ನಾಟಿ ಹೊತ್ತಿಗೆ ಪೈಪ್ ಮುಗಿಯಲಿಲ್ಲ. ಸಸಿಮಡಿಯಲ್ಲಿ ಸಸಿ ಬಲಿತುಹೋಯಿತು. ಬಲಿತ ಸಸಿ ನೆಟ್ಟರೆ ತೆಂಡೆ ಸರಿಯಾಗಿ ಒಡೆಯುವುದಿಲ್ಲ, ಅದು ನಿಮಗೂ ಗೊತ್ತಿರಬಹುದು. ನಡೆದದ್ದೇನು ಅಂತ ಆ ಊರಿನ ಶಾಲೆಯ ಮೇಷ್ಟ್ರೊಬ್ಬರು ವಾಕ್ಯ ಬಿಡಿಸಿ ತಿಳಿಸಿದರು. ಹಿರಿಯರೊಬ್ಬರನ್ನು ಮುಂದಿಟ್ಟುಕೊಂಡು, ಕೋಲಾ ಕಾಯಿ ಹಿಡಿದು ಮೇಸ್ತ್ರಿಯ ಮನೆಗೆ ಹೋದೆ. ಅಲ್ಲಿ ಕ್ಷಮೆ ಕೇಳುವ ರೀತಿ ಅದು. ಕಾಯಿ ತೆಗೆದುಕೊಂಡರು, ಕೂರಿಸಿ ಚಹಾ ಕೊಟ್ಟರು. ಕೆಲಸಕ್ಕೆ ಮಾತ್ರ ಬರಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ.

ಈಗ ನಿಮ್ಮ ‘ಯೆ’ ಮತ್ತು ‘ರಾ’. ಎರಡರಲ್ಲಿ ಒಂದನ್ನೇ ಕಲಿತರೆ ನಡೆಯುತ್ತದಾ ಅಂತ ಕೇಳಿದ್ದೀರಿ. ನಡೆಯುವುದಿಲ್ಲ. ಆರಿಸಿಕೊಳ್ಳುವುದು ನೀವಲ್ಲ, ವಾಕ್ಯದಲ್ಲಿ ಕರ್ಮ ಇದೆಯೋ ಇಲ್ಲವೋ ಅನ್ನುವುದು ತೀರ್ಮಾನಿಸುತ್ತದೆ. ಕರ್ಮ ಇದ್ದರೆ ಕರ್ತೃವಿನ ಬೆನ್ನಿಗೆ ‘ಯೆ’: ‘ನ್ ಯೆ ಮಾಲೊ ದುನ್’, ಅನ್ನ ತಿಂದೆ. ಕರ್ಮ ಇಲ್ಲದಿದ್ದರೆ ‘ಯೆ’ ಇಲ್ಲ, ಕ್ರಿಯಾಪದದ ಬಾಲಕ್ಕೆ ‘ರಾ’: ‘ನ್ ತಾರಾ ಸುಗು ಲಾ’, ಸಂತೆಗೆ ಹೋದೆ. ಆ ‘ರಾ’ ಕೆಲವು ಪದಗಳಲ್ಲಿ ‘ಲಾ’, ಕೆಲವದರಲ್ಲಿ ‘ನಾ’ ಆಗುತ್ತದೆ. ಓಡು ‘ಬೊಲಿ’, ಓಡಿದ ‘ಬೊಲಿಲಾ’. ಬೀಳು ‘ಬಿನ್’, ಬಿದ್ದ ‘ಬಿನ್ನಾ’. ಇದು ಕಿವಿಗೆ ತಾನಾಗಿ ರೂಢಿಯಾಗುತ್ತದೆ, ತಲೆ ಕೆಡಿಸಿಕೊಳ್ಳಬೇಡಿ. ‘ಆಗಲಿಲ್ಲ’ ಅನ್ನುವಾಗ ಎರಡೂ ಹೋಗಿ ‘ಮಾ’ ಒಂದೇ ಉಳಿಯುತ್ತದೆ: ‘ನ್ ಮಾ ಮಾಲೊ ದುನ್’, ‘ನ್ ಮಾ ತಾ’. ‘ನ್ ಮಾ ತಾರಾ’ ಅನ್ನಬಾರದು.

ಇದರಲ್ಲಿ ನಿಜವಾದ ಅಪಾಯ ಕರ್ಮ ಬಿಡುವುದರಲ್ಲಿದೆ. ಕನ್ನಡದಲ್ಲಿ ‘ಊಟ ಆಯ್ತಾ’ ಅಂದರೆ ‘ಹ್ಞೂ, ತಿಂದೆ’ ಅಂತೀವಿ. ಏನು ತಿಂದೆ ಅಂತ ಹೇಳುವುದಿಲ್ಲ. ಅದನ್ನೇ ಅಲ್ಲಿ ‘ನ್ ದುನ್ನಾ’ ಅಂದರೆ ‘ನನ್ನನ್ನು ಯಾರೋ ತಿಂದರು’ ಅಂತಾಗುತ್ತದೆ. ತಿನ್ನು, ಕೊಳ್ಳು, ಕುಡಿ ತರದ ಕ್ರಿಯಾಪದಕ್ಕೆ ಕರ್ಮ ಬಿಟ್ಟು ‘ರಾ’ ಹಚ್ಚಿದರೆ, ಕರ್ತೃವಿನ ಮೇಲೇ ಆ ಕೆಲಸ ನಡೆಯಿತು ಅಂತ ಅರ್ಥ. ‘ಮಾಲೊ ದುನ್ನಾ’, ಅನ್ನ ಖಾಲಿಯಾಯಿತು, ಯಾರೋ ತಿಂದರು. ಕೂಲಿ ಕೊಡುವುದಕ್ಕೆ ‘ಸಾರಾ’ ಅನ್ನುತ್ತಾರೆ. ‘ನ್ ಯು ಸಾರಾ’ ಅಂದರೆ ಅವರಿಗೆ ಕೂಲಿ ಕೊಟ್ಟೆ. ‘ನ್ ಸಾರಾಲಾ’ ಅಂದರೆ ನನಗೆ ಕೂಲಿ ಸಿಕ್ಕಿತು. ಎಷ್ಟು ದೂರದ ಮಾತು ನೋಡಿ. ಇಂಥ ಕ್ರಿಯಾಪದಗಳಿಗೆ ಹೇಳಲು ಕರ್ಮವೇ ಇಲ್ಲದಿದ್ದರೂ ಒಂದನ್ನು ಇಡಲೇಬೇಕು. ಸುಮ್ನೆ ‘ಊಟ ಮಾಡಿದೆ’ ಅನ್ನುವುದಕ್ಕೆ ‘ನ್ ಯೆ ದುಮುನಿ ಕೆ’ ಅಂತಾರೆ. ದುಮುನಿ ಊಟ, ಕೆ ಮಾಡು.

ಹಾಗಾಗಿ ಸಂತೆಯಲ್ಲಿ ಅಕ್ಕಿ ಕೊಂಡೆ ಅಂತ ನೀವು ಬರೆದ ‘ನ್ ಸುಗು ಲಾ ಮಾಲೊ ಸಾನ್ನಾ’ ಎರಡು ಕಡೆ ತಪ್ಪಿದೆ. ಮಾಲೊ ಅನ್ನುವ ಕರ್ಮ ಇರುವುದರಿಂದ ‘ಯೆ’ ಬೇಕು. ಸಂತೆ ಕೊನೆಗೆ ಹೋಗಬೇಕು. ‘ನ್ ಯೆ ಮಾಲೊ ಸಾನ್ ಸುಗು ಲಾ.’

ಇವುಗಳನ್ನು ‘ಭೂತಕಾಲ’ ಅಂತ ಕರೆಯುವುದನ್ನೂ ಬಿಡಿ. ಫ್ರೆಂಚ್ ಪುಸ್ತಕಗಳು ‘ಅಕಾಂಪ್ಲಿ’ ಅನ್ನುತ್ತವೆ, ಅಂದರೆ ಪೂರ್ತಿಯಾದದ್ದು. ಅದು ಸರಿಯಾದ ಹೆಸರು. ‘ನ್ ಸೆಗೆನ್ನಾ’ ಅಂದರೆ ಈಗ ನನಗೆ ಸುಸ್ತಾಗಿದೆ. ‘ನಿ ಸೇಕು ನಾನಾ’ ಅಂದರೆ ಸೇಕು ಬಂದರೆ. ಅವನಿನ್ನೂ ಬಂದಿಲ್ಲ, ಆದರೂ ‘ನಾನಾ’. ಇದೊಂದನ್ನು ಮಾತ್ರ ನಮ್ಮವರು ಕಷ್ಟವಿಲ್ಲದೆ ಹಿಡಿಯಬಹುದು, ಯಾಕಂದರೆ ‘ಬಂದರೆ’ ಒಳಗೂ ‘ಬಂದ’ ಇದೆ. ಬಾಗಿಲು ತಟ್ಟಿದಾಗ ಒಳಗಿನಿಂದ ‘ಬಂದೆ, ಬಂದೆ’ ಅಂತ ಕೂಗುತ್ತೇವಲ್ವಾ, ಆಗ ಬಂದಿರುತ್ತೇವಾ? ನಿಜವಾಗಿ ಕಾಲವನ್ನು ಹಿಂದಕ್ಕೆ ತಳ್ಳುವ ಪದ ಅಲ್ಲಿ ಬೇರೆಯೇ ಇದೆ, ‘ತುನ್’. ‘ನ್ ತುನ್ ಬೆ ತಾ’, ಹೋಗುತ್ತಿದ್ದೆ. ‘ನ್ ತುನ್ ತಾರಾ’, ಹೋಗಿದ್ದೆ.

ಫ್ರೆಂಚ್ ಸಾಕಾ, ಆ್ಯಪ್ ಸಾಕಾ, ಮೇಷ್ಟ್ರು ಬೇಕಾ ಅಂತಲೂ ಕೇಳಿದ್ದೀರಿ. ರಾಜಧಾನಿ ಬಮಾಕೊದ ಕಚೇರಿಯೊಳಗೆ ಫ್ರೆಂಚ್ ಸಾಕು. ಆದರೆ 2023ರ ಸಂವಿಧಾನದಲ್ಲಿ ಮಾಲಿ ತನ್ನ 13 ರಾಷ್ಟ್ರೀಯ ಭಾಷೆಗಳನ್ನು ಅಧಿಕೃತ ಮಾಡಿದೆ, ಫ್ರೆಂಚನ್ನು ಬರೀ ವ್ಯವಹಾರದ ಭಾಷೆಯಾಗಿ ಇಟ್ಟುಕೊಂಡಿದೆ. ಸಂತೆ, ಗದ್ದೆ, ಬಸ್ಸು, ನೆರೆಮನೆ ಎಲ್ಲ ಮೊದಲಿಂದಲೂ ಬಂಬಾರಾವೇ. ಆ್ಯಪ್ ಬೇಡ ಅಂತಲೇ ನನ್ನ ಮಾತು. ಅದು ಪದ ಕಲಿಸುತ್ತದೆ, ನನಗೂ ಪದಗಳಿಗೆ ಕೊರತೆ ಇರಲಿಲ್ಲ. ‘ಬಾಮಾದಾಬಾ’ ಅನ್ನುವ ನಿಘಂಟು ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ, ಅದನ್ನು ಇಟ್ಟುಕೊಳ್ಳಿ. ಮೇಷ್ಟ್ರು ಸಿಕ್ಕರೆ ಕ್ರಿಯಾಪದಗಳ ಪಟ್ಟಿ ಕೇಳಬೇಡಿ. ಪ್ರತಿ ಕ್ರಿಯಾಪದವನ್ನೂ ಒಂದು ಪೂರ್ತಿ ವಾಕ್ಯದಲ್ಲೇ ಹೇಳಿಸಿಕೊಳ್ಳಿ, ಕರ್ತೃ, ಕರ್ಮ, ಕೊನೆಗೆ ‘ಯಾರಿಗೆ’ ಅಥವಾ ‘ಎಲ್ಲಿ’ ಎಲ್ಲಾ ಸೇರಿಸಿ. ಅದೇ ವಾಕ್ಯವನ್ನು ‘ಮಾ’ ಹಾಕಿ ಇನ್ನೊಮ್ಮೆ ಹೇಳಿಸಿ. ಎರಡನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಕೇಳಿ. ವೇಗದ ಮಾತಿನಲ್ಲಿ ‘ಯೆ’ ಮುಂದಿನ ಸ್ವರದೊಳಗೆ ಕರಗಿಹೋಗುತ್ತದೆ. ಮೇಲಿನ ‘ನ್ ಯು ಸಾರಾ’ದಲ್ಲಿ ‘ಯೆ’ ಮತ್ತು ‘ಉ’ (ಅವರು) ಸೇರಿ ‘ಯು’ ಆಗಿದೆ, ಗಮನಿಸಿ. ಪುಸ್ತಕ ಮಾತ್ರ ಓದಿದವರಿಗೆ ಅದು ಕೇಳಿಸುವುದೇ ಇಲ್ಲ.

ದುಡ್ಡಿನ ವಿಷಯ ಬಂದಾಗ ಮೊದಮೊದಲು ಫ್ರೆಂಚ್ ಬಲ್ಲ ಇನ್ನೊಬ್ಬರನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ.